ಕಡೆಯ ಹಾಳೆಯ ನೇರಳೆ ಅಕ್ಷರ

೧೪ ಜೂನ್ ೧೯೫೯, ಭಾನುವಾರ. ಗುಬ್ಬಿ

ವಾಚನಾಲಯದಿಂದ ಬಂದವನು ಎರಡು ಸಲ ಕೈ ತೊಳೆದುಕೊಂಡೆನು. ಆದರೂ ಹೆಬ್ಬೆರಳಿನ ತುದಿಯಲ್ಲಿ ನೇರಳೆ ಕಲೆ ಉಳಿದಿದೆ. ಈ ಸಂವತ್ಸರದ ಹೆಸರೇ ವಿಕಾರಿ. ಊರಿನ ಅಭಿರುಚಿಯೂ ಹೆಸರಿಗೆ ತಕ್ಕಂತೆ ವಿಕಾರಗೊಂಡಿದೆ.

ಯಾವ ವಯಸ್ಸಿನವರು ಯಾವ ಪುಸ್ತಕವನ್ನು ಓದಬೇಕೆಂಬ ಪಟ್ಟಿಯೊಂದನ್ನು ಸಿದ್ಧಪಡಿಸುವ ಕಾರ್ಯವನ್ನು ವಾಚನಾಲಯದ ಅಧ್ಯಕ್ಷರಾದ ಕೊಬ್ಬರಿ ಮಂಡಿ ಗುಂಡಯ್ಯನವರು ನನಗೆ ಒಪ್ಪಿಸಿದ್ದರು. ಮೂವತ್ತೈದು ವರ್ಷ ಈ ಊರಿನಲ್ಲಿ ಕನ್ನಡ ಪಂಡಿತನಾಗಿದ್ದವನಿಗಲ್ಲದೆ ಇನ್ನಾರಿಗೆ ಒಪ್ಪಿಸಿಯಾರು? ಒಂದು ತಿಂಗಳು ಶ್ರಮಿಸಿದೆನು. ಬಾಲಕರಿಗೆ ನೀತಿಪದ್ಯಗಳು, ತರುಣರಿಗೆ ಸುಭಾಷಿತಗಳು, ಸ್ತ್ರೀಯರಿಗೆ ವ್ರತಕಥೆಗಳು, ವೃದ್ಧರಿಗೆ ವೇದಾಂತ. ಕೊನೆಯಲ್ಲಿ, ಎಲ್ಲ ವಯಸ್ಸಿನವರಿಗೂ ಸಲ್ಲತಕ್ಕುದೆಂದು ಒಂದೇ ಒಂದು ಗ್ರಂಥ: ಹನ್ನೊಂದು ವರ್ಷಗಳ ಹಿಂದೆ ನಾನೇ ರಚಿಸಿ ಅಚ್ಚು ಹಾಕಿಸಿದ ‘ಸದಾಚಾರ ಸೋಪಾನ ಮಂಜರಿ’. ಇದು ಆತ್ಮಪ್ರಶಂಸೆಯಲ್ಲ. ಅದಕ್ಕಿಂತ ಯೋಗ್ಯವಾದುದು ಕಪಾಟಿನಲ್ಲಿ ಇರಲಿಲ್ಲ, ಅಷ್ಟೆ.

ಪಟ್ಟಿಯನ್ನು ಗೋಡೆಗೆ ಅಂಟಿಸಿ ಕೈಯೊರಸಿಕೊಳ್ಳುತ್ತಿರುವಾಗಲೇ ಗಾಣದ ರಂಗಣ್ಣ ಒಳಗೆ ಬಂದನು. ಅದರ ಕಡೆಗೆ ಕಣ್ಣೆತ್ತಿಯೂ ನೋಡದೆ, ಮೇಲ್ವಿಚಾರಕನಾದ ಪಟ್ಟಾಭಿರಾಮನನ್ನು ಕೇಳಿದನು: “ಸ್ವಾಮಿ, ನೇರಳೆ ಅಕ್ಸರ ಇರೋದು ಒಂದು ಕೊಡಿ. ನಮ್ಮೆಂಗಸ್ರು ಅದೇ ಬೇಕೂಂತ ಕುಂತವ್ರೆ.”

“ಪಟ್ಟಿ ಹಾಕಿದೆಯಲ್ಲಯ್ಯಾ, ನೋಡು” ಎಂದೆನು.

“ಅದ್ಯಾಕೆ ಬುಡಿ ಮೇಷ್ಟ್ರೇ. ಅದು ಓದ್ಬೇಕಾದ್ದು. ನಾವು ಕೇಳ್ತಾ ಇರೋದು ಓದೋ ಅಂಥಾದ್ನ.”

ವಿಚಾರಿಸಲಾಗಿ ತಿಳಿದ ಸಂಗತಿ ಹೇಸಿಗೆ ಹುಟ್ಟಿಸುವಂಥದು. ಯಾರೋ ಒಬ್ಬರು ಪುಸ್ತಕಗಳ ಕಡೆಯ ಖಾಲಿ ಹಾಳೆಯ ಮೇಲೆ, ನಾಲಿಗೆಗೆ ತಾಗಿಸಿ ಒದ್ದೆ ಮಾಡಿದರೆ ನೇರಳೆಯಾಗುವ ಕಾಪಿಂಗ್ ಪೆನ್ಸಿಲಿನಿಂದ, ತಮ್ಮ ಅಭಿಪ್ರಾಯವನ್ನು ಗೀಚುತ್ತಿದ್ದಾರೆ. ಊರವರು ಅದನ್ನು ನೋಡಿಯೇ ಪುಸ್ತಕವನ್ನು ಆರಿಸಿಕೊಳ್ಳುತ್ತಾರಂತೆ! ಕೆಲವನ್ನು ನಕಲು ಮಾಡಿಕೊಂಡು ಬಂದಿದ್ದೇನೆ.

‘ಹತ್ತು ವರ್ಷದ ಮಕ್ಕಳಿಗೆ ಕೊಡಿ. ಹುಲಿ ಬರುವ ಕಡೆ ದೊಡ್ಡವರು ಪಕ್ಕದಲ್ಲಿರಲಿ.’

‘ಬಾಣಂತಿಯರು ಓದಬಾರದು. ಮಗು ಸಾಯುತ್ತದೆ. ಮೂರು ತಿಂಗಳು ಕಳೆದ ಮೇಲೆ ಓದಬಹುದು.’

‘ಅತ್ತೆಯಾದವರು ಓದಲೇಬೇಕು. ಸೊಸೆ ಕೊಟ್ಟಳೆಂದು ಹೇಳಬೇಡಿ.’

‘ಇದನ್ನು ಯಾರಿಗೂ ಕೊಡಬೇಡಿ. ಕೊಲೆ ಮಾಡಿದವನು ಮೊದಲನೆಯ ಪುಟದಲ್ಲೇ ಗೊತ್ತಾಗುತ್ತಾನೆ.’

ಅಚ್ಚಾದ ಗ್ರಂಥವೆಂದರೆ ವಾಗ್ದೇವಿಯ ಮೈ. ಅದರ ಮೇಲೆ ಉಗುಳು ಬೆರೆಸಿ ಬರೆಯುವುದೇ?

೨೧ ಜೂನ್, ಭಾನುವಾರ

ಸಮಿತಿಯ ಸಭೆ. ನಾನು ರಚಿಸಿದ ನಿಯಮವು ಒಪ್ಪಿಗೆಯಾಯಿತು. ಪುಸ್ತಕದಲ್ಲಿ ಬರೆದವರ ಹೆಸರನ್ನು ಬಾಗಿಲ ಬಳಿಯ ಕರಿಹಲಗೆಯ ಮೇಲೆ ಒಂದು ತಿಂಗಳು ಪ್ರದರ್ಶಿಸತಕ್ಕದ್ದು. ಅಷ್ಟು ಕಾಲ ಪುಸ್ತಕ ಪಡೆಯುವ ಅವರ ಚೀಟಿಯನ್ನು ರದ್ದುಪಡಿಸತಕ್ಕದ್ದು. ಯಾರ ಚೀಟಿಯ ಮೇಲೆ ಪುಸ್ತಕವು ಹೋಗಿದೆಯೋ ಅವರೇ ಹೊಣೆ. ತಪ್ಪಿತಸ್ಥನು ವಾಚನಾಲಯದ ನೌಕರನೇ ಆಗಿದ್ದಲ್ಲಿ ಕೆಲಸದಿಂದ ತೆಗೆಯತಕ್ಕದ್ದು.

ಗುಂಡಯ್ಯನವರು, “ಹಿಡಿಯೋದ್ ಹೆಂಗೆ ಸ್ವಾಮಿ?” ಎಂದರು.

“ಗುಬ್ಬಿಯ ಅಕ್ಷರವೆಲ್ಲ ನಾನು ತಿದ್ದಿಸಿದ್ದು. ಯಾರು ಬರೆದರೂ ಗುರುತಿಸುತ್ತೇನೆ” ಎಂದೆನು.

ಎಂದಿನಂತೆ ನನ್ನ ಚೀಟಿಯ ಮೇಲೆ ಹತ್ತು ಪುಸ್ತಕಗಳನ್ನು ಪರಿಶೋಧನೆಗೆಂದು ಮನೆಗೆ ತಂದಿದ್ದೇನೆ. ವಾಡಿಕೆಯಂತೆ ಪ್ರತಿಯೊಂದರಲ್ಲೂ ಹತ್ತು ಪುಟ ಓದಿ ತೀರ್ಪು ಕೊಡುವೆನು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು.

೨ ಜುಲೈ, ಗುರುವಾರ

ಹತ್ತರಲ್ಲಿ ಒಂಬತ್ತು ಅಯೋಗ್ಯ. ಒಂದರ ರಕ್ಷಾಪುಟದ ಮೇಲೆ ಪಿಸ್ತೂಲು ಹಿಡಿದ ಹೆಂಗಸು. ಇನ್ನೊಂದರಲ್ಲಿ ಹರಳೆಣ್ಣೆಯ ಬೆರಳಚ್ಚು, ಮತ್ತೊಂದರ ಮಡಿಕೆಯಲ್ಲಿ ಕೂದಲು. ನಾಲ್ಕನೆಯದು ಛತ್ರದಲ್ಲಿ ಅಡುಗೆ ಮಾಡುವ ಒಬ್ಬ ಹೆಂಗಸಿನ ಕಥೆ. ಸಾರು ಕುದಿಸುವುದೂ ಒಂದು ಕಾದಂಬರಿಯ ವಸ್ತುವೇ? ಹತ್ತನೆಯ ಪುಟಕ್ಕೆ ಮುಚ್ಚಿದೆನು. ಅದರ ಕಡೆಯ ಹಾಳೆಯಲ್ಲಿಯೂ ಆ ನೇರಳೆ ಪಿಶಾಚಿ: ‘ಅರವತ್ತು ದಾಟಿದ ಗಂಡಸರು ಓದಬೇಕು. ನೂರಹತ್ತನೆಯ ಪುಟದ ತನಕ ತಾಳ್ಮೆ ಇರಲಿ.’

ಅರವತ್ತು ದಾಟಿದ ಗಂಡಸರಿಗೆ ಬುದ್ಧಿ ಹೇಳಲು ಇವನಾರು?

ನನ್ನ ಹೆಂಡತಿಯ ನಾಲಿಗೆಯೂ ತುಟಿಯೂ ನೇರಳೆಯಾಗಿದ್ದುವು. “ನೈವೇದ್ಯಕ್ಕೆ ಮುಂಚೆ ನೇರಳೆ ಹಣ್ಣು ತಿಂದೆಯೇನೇ? ಈ ವಯಸ್ಸಿನಲ್ಲಿ ಚಪಲವೇ?” ಎಂದು ಗದರಿದೆನು. ಕೌಸಲ್ಯೆ ಸೆರಗಿನಿಂದ ಬಾಯಿ ಒರಸಿಕೊಂಡು, “ಅಮೃತೂರಿಂದ ಅಣ್ಣ ಕಳಿಸಿದ್ದ” ಎಂದಳು. ಅವಳ ತವರಿನವರಿಗೆ ಮೊದಲಿನಿಂದಲೂ ಆಚಾರ ಕಡಿಮೆ.

ನನ್ನ ಕಾಪಿಂಗ್ ಪೆನ್ಸಿಲು ಪೆಟ್ಟಿಗೆಯಲ್ಲಿ ಕಾಣುತ್ತಿಲ್ಲ. ಮನೆಯಲ್ಲಿ ವಸ್ತುಗಳಿಗೆ ನೆಲೆಯೇ ಇಲ್ಲದಂತಾಗಿದೆ.

೧೨ ಜುಲೈ, ಭಾನುವಾರ

ಕಳ್ಳನು ಸಿಕ್ಕಿದನು.

ಆ ನೇರಳೆ ಅಕ್ಷರದ ತಲೆಕಟ್ಟು ತುದಿಯಲ್ಲಿ ಕೊಕ್ಕೆಯಂತೆ ಮೇಲಕ್ಕೆ ಬಾಗುತ್ತದೆ. ನಾನು ಹಾಗೆ ಯಾರಿಗೂ ಕಲಿಸಿಲ್ಲ. ಆದ್ದರಿಂದ ಬರೆದವನು ಹೊರಗಿನವನು. ಇಂದು ಪುಸ್ತಕ ಕೊಡುವ ವಹಿಯನ್ನು ತಿರುವಿ ಹಾಕುತ್ತಿದ್ದಾಗ ನೋಡುತ್ತೇನೆ, ಪಟ್ಟಾಭಿರಾಮನ ಕೈಬರಹದಲ್ಲಿ ಅದೇ ಕೊಕ್ಕೆ! ಅವನು ಕುಣಿಗಲ್ ತಾಲ್ಲೂಕಿನ ಅಮೃತೂರಿನವನು. ಶಾಲೆಯಲ್ಲಿ ಕೆಲಸ ಸಿಗುವವರೆಗೆಂದು ಎರಡು ವರ್ಷಗಳಿಂದ ವಾಚನಾಲಯದ ಮೇಲ್ವಿಚಾರಕನಾಗಿ, ಹಿಂಬದಿಯ ಕೋಣೆಯಲ್ಲಿ ಉಬ್ಬಸದ ತಾಯಿಯೊಂದಿಗೆ ಇದ್ದಾನೆ.

ಹೊರಗೆ ಕರೆದು ಕೇಳಿದೆನು.

“ನಾನಲ್ಲ ಸ್ವಾಮಿ. ಅದು ನಮ್ಮೂರ ಕೂಲಿಮಠದ ಕೈ. ಅಪ್ಪನ ಕಾಲದಿಂದ ಅಲ್ಲಿ ಕಲಿತೋರೆಲ್ಲಾ ಹಾಗೇ ಎಳೀತಾರೆ.”

“ಅಮೃತೂರಿನಲ್ಲಿ ಕಲಿತವರು ಈ ಗುಬ್ಬಿಯಲ್ಲಿ ಇನ್ನಾರಿದ್ದಾರಯ್ಯಾ?”

ಅವನು ನನ್ನ ಮುಖವನ್ನೇ ನೋಡಿದನು. “ನಂಗೊತ್ತಿಲ್ಲ ಸ್ವಾಮಿ” ಎಂದನು. ಸುಳ್ಳು ಹೇಳುವವನ ಕಣ್ಣು ನನಗೆ ತಿಳಿಯದೆ?

೧೫ ಜುಲೈ, ಬುಧವಾರ

ಸಮಿತಿಗೆ ಬರಹದಲ್ಲಿ ತಿಳಿಸಿದೆನು. ಎರಡೂ ಬಗೆಯ ಅಕ್ಷರಗಳ ಮಾದರಿಯನ್ನು ಲಗತ್ತಿಸಿದ್ದೇನೆ.

೨೬ ಜುಲೈ, ಭಾನುವಾರ

ತೀರ್ಮಾನವಾಯಿತು. ಗೌರಿ ಹಬ್ಬದೊಳಗೆ ಪಟ್ಟಾಭಿರಾಮನು ಕೆಲಸವನ್ನೂ ಕೋಣೆಯನ್ನೂ ಬಿಡತಕ್ಕದ್ದು. ಅದೇ ದಿನ ಕರಿಹಲಗೆಯ ಮೇಲೆ ಅವನ ಹೆಸರನ್ನು ಬರೆಯತಕ್ಕದ್ದು. ಗುಂಡಯ್ಯನವರು ಅಡ್ಡ ಮಾತಾಡಿದರು: “ಬರ್ದೋನಿಂದ ಜನ ಬರ್ತಾವ್ರೆ ಸ್ವಾಮಿ. ಮೊದ್ಲು ಪೇಪರ್ ಓದೋಕೆ ನಾಲ್ಕು ಜನ ಬರೋರು. ಈಗ ಹೆಂಗಸ್ರು ಮನೇಲೇ ಕುಂತು ಚೀಟಿ ಕಳಿಸ್ತಾವ್ರೆ. ಪಾಪ, ಆ ಮುದುಕಿ ಉಬ್ಬಸ ಇಟ್ಕೊಂಡು ಎಲ್ಲಿಗೋಗ್ತಾಳೆ?”

“ನಿಯಮವು ಉಬ್ಬಸವನ್ನು ನೋಡುವುದಿಲ್ಲ” ಎಂದೆನು. ವಾಕ್ಯವು ಚೆನ್ನಾಗಿತ್ತು. ಆದರೆ ಯಾರೂ ತಲೆದೂಗಲಿಲ್ಲ.

ಹೊರಡುವಾಗ ಹಿಂಬದಿಯ ಕೋಣೆಯಿಂದ ಕೆಮ್ಮು ಕೇಳಿಸಿತು. ಬೇಕೆಂದೇ ಕೆಮ್ಮಿದಂತಿತ್ತು.

ಇಂಥ ವಿಷಯಗಳನ್ನು ಮನೆಯಲ್ಲಿ ಹೇಳುವ ಪದ್ಧತಿ ನನಗಿಲ್ಲ.

೯ ಆಗಸ್ಟ್, ಭಾನುವಾರ

ಅಪರಾಧದ ಸ್ವರೂಪವನ್ನು ಪೂರ್ಣವಾಗಿ ಅರಿಯುವ ಸಲುವಾಗಿ, ಕೇವಲ ಪರಿಶೋಧನೆಯ ದೃಷ್ಟಿಯಿಂದ, ಅಡುಗೆಯವಳ ಕಥೆಯನ್ನು ಮತ್ತೆ ತೆರೆದೆನು. ಭಾಷೆ ಹೇಯ. ವಾಕ್ಯಗಳಿಗೆ ಬೆನ್ನೆಲುಬಿಲ್ಲ. ‘ಇತ್ತು’, ‘ಬಂತು’, ‘ಹೋಯ್ತು’. ಅಲಂಕಾರವೆಂಬುದು ಮಾತಿಗೂ ಇಲ್ಲ. ಮೂವತ್ತನಾಲ್ಕನೆಯ ಪುಟದವರೆಗೆ ಸಹಿಸಿದೆನು.

೧೧ ಆಗಸ್ಟ್, ಮಂಗಳವಾರ

ಎಪ್ಪತ್ತೆರಡು ಪುಟ. ಅವಳ ಕೈಸುಟ್ಟ ಪ್ರಸಂಗವು ಅನವಶ್ಯಕವಾಗಿ ದೀರ್ಘವಾಗಿದೆ. ಸಂಜೆಯ ಪಾರಾಯಣಕ್ಕೆ ಅರ್ಧ ಗಂಟೆ ತಡವಾಯಿತು. ಸೆಕೆಯಿಂದಿರಬೇಕು.

೨೦ ಆಗಸ್ಟ್, ಗುರುವಾರ

ನೂರಹತ್ತನೆಯ ಪುಟ.

ಮೂವತ್ತು ವರ್ಷ ಆ ಛತ್ರದಲ್ಲಿ ಬಂದವರಿಗೆಲ್ಲ ಬಡಿಸಿದ ಅವಳನ್ನು, ಕೈ ತೊಳೆದು ಹೊರಡುತ್ತಿದ್ದ ಪ್ರಯಾಣಿಕನೊಬ್ಬನು ತಿರುಗಿ ನೋಡಿ, ‘ನಿಮ್ಮ ಊಟ ಆಯ್ತಾ?’ ಎನ್ನುತ್ತಾನೆ. ಅವಳು ಕಂಬವನ್ನು ಹಿಡಿದು ನಿಲ್ಲುತ್ತಾಳೆ. ಅಷ್ಟೆ. ಪುಟದಲ್ಲಿ ಮತ್ತೇನೂ ಇಲ್ಲ. ಇಷ್ಟಕ್ಕಾಗಿ ನೂರಹತ್ತು ಪುಟ!

ಊಟಕ್ಕೆ ಕುಳಿತಾಗ ಇವಳನ್ನು, “ನಿನ್ನದಾಯಿತೇ?” ಎಂದು ಕೇಳಿದೆನು. ಯಾಕೆ ಕೇಳಿದೆನೋ ತಿಳಿಯದು. ಗಂಡನಿಗೆ ಬಡಿಸುವ ಮುಂಚೆ ಇವಳು ಉಂಡ ದಿನವುಂಟೇ? ಕೌಸಲ್ಯೆ ಸೌಟನ್ನು ಹಿಡಿದುಕೊಂಡೇ ನಿಂತಳು. ಆಮೇಲೆ ಹುಳಿಯನ್ನು ಅನ್ನದ ಬದಲು ಮಜ್ಜಿಗೆಯ ಮೇಲೆ ಬಡಿಸಿದಳು. ವಯಸ್ಸಾಯಿತು. ನಾಲಿಗೆ ಇಂದೂ ನೇರಳೆ. ಶ್ರಾವಣದಲ್ಲಿ ಹಣ್ಣು ಎಲ್ಲಿ ಸಿಗುತ್ತದೆಯೋ!

೩೧ ಆಗಸ್ಟ್, ಸೋಮವಾರ

ಇಂದು ಅಕ್ಷರವು ದುಂಡಗೆ ಬರುತ್ತಿಲ್ಲ. ಇದ್ದಂತೆಯೇ ಬರೆದಿಡುತ್ತೇನೆ.

ನೇರಳೆ ಬರಹವಿರುವ ನಲವತ್ತು ಪುಸ್ತಕಗಳನ್ನು ಎರಡು ಗಂಟು ಕಟ್ಟಿಕೊಂಡು, ಜೊತೆಗೆ ಹೊಸ ರಟ್ಟು ಹಾಕಿಸಲೆಂದು ನನ್ನ ‘ಮಂಜರಿ’ಯನ್ನೂ ಇಟ್ಟುಕೊಂಡು, ಬೆಳಗಿನ ರೈಲಿನಲ್ಲಿ ತುಮಕೂರಿಗೆ ಹೋದೆನು. ಅಲ್ಲಿ ಪುಸ್ತಕ ಕಟ್ಟುವ ಬಾಬಾ ಜಾನ್ ಚಿಕ್ಕಂದಿನಲ್ಲಿ ಗುಬ್ಬಿಯಲ್ಲಿ ನನ್ನ ಶಿಷ್ಯನಾಗಿದ್ದವನು. ಮೈದಾ ಗೋಂದಿಗೆ ಮೈಲುತುತ್ತ ಬೆರೆಸುತ್ತ ಕುಳಿತಿದ್ದನು. ಎದ್ದು ಕೈಯೊರಸಿಕೊಂಡು ನಮಸ್ಕರಿಸಿದನು.

“ಎಲ್ಲದರ ಕಡೆಯ ಹಾಳೆಯನ್ನು ಕತ್ತರಿಸಿ ತೆಗೆದು, ಒಲೆಗೆ ಹಾಕು” ಎಂದೆನು.

“ಒಲೆಗಾ ಸ್ವಾಮಿ? ಅಕ್ಷರ ಇರೋ ಕಾಗದ ತುಳೀಬಾರ್ದು, ಸುಡಬಾರ್ದು ಅಂತ ಬೆತ್ತ ತಗೊಂಡು ಹೇಳಿಕೊಟ್ಟೋರು ನೀವೇ.”

“ಅದು ಅಕ್ಷರವಲ್ಲ. ಹೊಲಸು.”

“ನಮ್ ಮಗಳು ರಝಿಯಾ ನಿಮ್ಮೂರಿಂದ ಕಟ್ಟೋಕೆ ಬಂದ ಪುಸ್ತಕದಾಗೆ ಹಿಂದಿನ ಹಾಳೇನೇ ಮೊದ್ಲು ನೋಡೋದು ಸ್ವಾಮಿ. ‘ಅಬ್ಬಾ, ಇದು ನನ್ನ ವಯಸ್ಸಿಂದು, ಇವತ್ತೇ ಹೊಲೀಬೇಡಿ’ ಅಂತಾಳೆ.” ಹೀಗೆನ್ನುತ್ತ ಒಂದೊಂದನ್ನೇ ಕೈಗೆತ್ತಿಕೊಂಡು ಬೆನ್ನು ಸವರಿ ನೋಡಿದನು. ‘ಮಂಜರಿ’ಯ ಸರದಿ ಬಂದಾಗ ನಕ್ಕನು. “ಇದ್ಯಾಕೆ ತಂದ್ರಿ? ಹೊಚ್ಚ ಹೊಸದು. ಹನ್ನೊಂದು ವರ್ಸ ಆದ್ರೂ ಹೊಲಿಗೆ ಅಲ್ಲಾಡಿಲ್ಲ.”

ಶಿಷ್ಯನೆಂದು ಕ್ಷಮಿಸಿದೆನು.

ಅವನು ಪುಸ್ತಕವನ್ನು ಅಂಗೈಯ ಮೇಲೆ ನಿಲ್ಲಿಸಿ ಕೈಬಿಟ್ಟನು. ಅದು ತಾನಾಗಿ ಒಂದು ಕಡೆ ತೆರೆದುಕೊಂಡಿತು. ಮುಚ್ಚಿ ಮತ್ತೆ ನಿಲ್ಲಿಸಿದನು. ಮತ್ತೆ ಅಲ್ಲಿಯೇ ತೆರೆಯಿತು. “ನೋಡಿ ಸ್ವಾಮಿ. ಯಾರೋ ಒಬ್ರು ಇದೊಂದ್ ಪುಟಾನ ತೆಗ್ದು ತೆಗ್ದು ಓದವ್ರೆ. ಪುಸ್ತಕ ಸುಳ್ಳು ಹೇಳಲ್ಲ.”

ಅರವತ್ತೊಂದನೆಯ ಪುಟ. ಮಾತೃಭಕ್ತಿಯ ಪ್ರಕರಣದಲ್ಲಿ ನನ್ನ ತಾಯಿಯವರ ಮರಣವನ್ನು ವರ್ಣಿಸಿದ ಸ್ಥಳ. ‘ಮೇಘಮಂಡಲವು ಶೋಕವನ್ನು ತಾಳಲಾರದೆ ಧಾರಾಕಾರವಾಗಿ ಅಶ್ರುವನ್ನು ವರ್ಷಿಸಿತು’ ಎಂದು ಬರೆದಿದ್ದೆನು. ನನ್ನ ಗದ್ಯದಲ್ಲಿ ಅತ್ಯುತ್ತಮವಾದ ವಾಕ್ಯವೆಂದು ಇಂದಿನವರೆಗೆ ನಂಬಿದ್ದೆನು.

ಕಡೆಯ ಹಾಳೆಯನ್ನು ತಿರುವಿದೆನು. ಅಲ್ಲಿಯೂ ನೇರಳೆ.

‘ಬಹಳ ಕಲಿತವರು ಬರೆದದ್ದು. ಓದುವವರ ನೆನಪು ಅವರಿಗಿಲ್ಲ. ೬೧ನೆಯ ಪುಟ ಮಾತ್ರ ಎಲ್ಲ ವಯಸ್ಸಿನವರೂ ಓದಬೇಕು. ಆದರೆ ಆ ದಿನ ಮಳೆ ಬರಲಿಲ್ಲ. ಸುಡುಬಿಸಿಲು. ಅಂಗಳದಲ್ಲಿ ಹಪ್ಪಳ ಒಣಗಿ ಒಡೆಯುತ್ತಿತ್ತು. ಎತ್ತಿಡಲು ನೆನಪಾಗಲಿಲ್ಲ.’

ಆ ದಿನ ಮನೆಯಲ್ಲಿ ಮೂವರಿದ್ದೆವು. ಒಬ್ಬರು ತೀರಿಕೊಂಡರು. ಒಬ್ಬನು ನಾನು.

ಬಾಬಾ ಜಾನ್ ಕುಡಿಯಲು ನೀರು ತರಲೇ ಎಂದನು. ಬೇಡವೆಂದೆನು. ಯಾವ ಹಾಳೆಯನ್ನೂ ಕತ್ತರಿಸಬೇಡವೆಂದು ಹೇಳಿ ಗಂಟುಗಳನ್ನು ಹಿಂದಕ್ಕೆ ತಂದೆನು.

ದಾಂಪತ್ಯದ ನಲವತ್ತೆರಡು ವರ್ಷಗಳಲ್ಲಿ ಅವಳ ಅಕ್ಷರವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅವಳ ತವರಿಗೆ ಕಾಗದ ಬರೆಯುತ್ತಿದ್ದವನೂ ನಾನೇ. ‘ನಿಮ್ಮ ಮಗಳು ಸುಖವಾಗಿದ್ದಾಳೆ’ ಎಂದು ಬರೆಯುತ್ತಿದ್ದೆನು.

೧ ಸೆಪ್ಟೆಂಬರ್, ಮಂಗಳವಾರ

ಪುಸ್ತಕವನ್ನು ಅವಳ ಮುಂದೆ ಇಟ್ಟೆನು. ಬೀನ್ಸ್ ಹೆಚ್ಚುತ್ತಿದ್ದವಳು ಒಮ್ಮೆ ನೋಡಿ ಮತ್ತೆ ಹೆಚ್ಚತೊಡಗಿದಳು.

“ನಿನಗೆ ಬರೆಯಲು ಬರುತ್ತದೆಂದು ಹೇಳಲೇ ಇಲ್ಲವಲ್ಲೇ?”

“ನೀವು ಕೇಳ್ಲೇ ಇಲ್ಲವಲ್ಲಾಂದ್ರೆ. ನೋಡೋಕೆ ಬಂದಾಗ ನಿಮ್ಮಮ್ಮ ಹಾಡು ಬರುತ್ತಾ, ಹೋಳಿಗೆ ಬರುತ್ತಾ ಅಂತ ಕೇಳಿದ್ರು. ಅಣ್ಣನ ಜೊತೆ ಕೂಲಿಮಠಕ್ಕೆ ನಾಲ್ಕು ವರ್ಷ ಹೋಗಿದ್ದೆ. ಅದನ್ನ ಯಾರೂ ಕೇಳ್ಲಿಲ್ಲ.”

“ಗ್ರಂಥದ ಮೇಲೆ ಬರೆಯುವುದು ಅಪಚಾರ ಕಣೇ.”

“ಹತ್ತು ಪುಟ ಓದಿ ‘ಅಯೋಗ್ಯ’ ಅನ್ನೋದು? ನೀವು ದೇವಸ್ಥಾನಕ್ಕೆ ಹೋದಾಗ ನಾನು ಪೂರ್ತಿ ಓದ್ತಿದ್ದೆ. ಓದಿದ್ಮೇಲೆ ಯಾರಿಗಾದ್ರೂ ಹೇಳ್ಬೇಕು ಅನ್ಸುತ್ತೆ. ನಿಮಗೆ ಹೇಳಿದ್ರೆ ವ್ಯಾಕರಣ ತಿದ್ತೀರಿ. ಅದಕ್ಕೆ ಹಾಳೆಗೆ ಹೇಳ್ದೆ.”

ಆಗ ಪಟ್ಟಾಭಿರಾಮನ ವಿಷಯವನ್ನು ಹೇಳಬೇಕಾಯಿತು. ಅವಳ ಕೈಯಿಂದ ಚಾಕು ಜಾರಿತು.

“ಅಯ್ಯೋ! ಅದಕ್ಕಾ ಅವರಮ್ಮ ಪಾತ್ರೆ ಕಟ್ಟಿಟ್ಟಿರೋದು? ಊರಿಗೆ ಹೋಗ್ತೀನಿ ಅಂತಷ್ಟೇ ಅಂದ್ರು. ನೀವು ನನಗೆ ಒಂದು ಮಾತು ಹೇಳ್ಲಿಲ್ಲ!”

“ನೀನು ಕೇಳಲಿಲ್ಲ” ಎಂದೆನು. ಹಾಗೆನ್ನಬಾರದಾಗಿತ್ತು.

“ಆ ಹುಡುಗನಿಗೆ ಗೊತ್ತಿತ್ತು” ಎಂದಳು. “ಅವನ ಬರಹ, ನನ್ನ ಬರಹ ಎರಡೂ ಒಂದೇ ಮಠದ್ದು. ಹೇಳ್ಬಹುದಿತ್ತು. ಹೇಳ್ಲಿಲ್ಲ ನೋಡಿ.” ಎದ್ದು ಸೆರಗು ಸರಿಮಾಡಿಕೊಂಡಳು. “ನಡೀರಿ. ಹಲಗೆ ಮೇಲೆ ನನ್ನ ಹೆಸರು ಬರೆದು ಬರ್ತೀನಿ. ಹೇಗೂ ಬರೆಯೋಕೆ ಬರುತ್ತೆ ಅಂತ ಗೊತ್ತಾಯ್ತಲ್ಲ.”

೫ ಸೆಪ್ಟೆಂಬರ್, ಶನಿವಾರ

ನಾಳೆ ಗೌರಿ. ಪಟ್ಟಾಭಿರಾಮನ ಸಾಮಾನನ್ನು ಒಯ್ಯಲು ವಾಚನಾಲಯದ ಮುಂದೆ ಗಾಡಿ ಬಂದು ನಿಂತಿತ್ತು. ಸಮಿತಿಯವರೆಲ್ಲ ಸೇರಿದ್ದರು. ಇವಳನ್ನು ಮನೆಯಲ್ಲಿಯೇ ಇರಹೇಳಿ ನಾನೊಬ್ಬನೇ ಹೋದೆನು. ಸೀಮೆಸುಣ್ಣವನ್ನು ತೆಗೆದುಕೊಂಡು, ಮೂವತ್ತೈದು ವರ್ಷ ಶಾಲೆಯ ಹಲಗೆಯ ಮೇಲೆ ಬರೆದಂತೆ ದುಂಡಗೆ, ‘ವೆಂಕಟರಂಗಯ್ಯ’ ಎಂದು ನನ್ನ ಹೆಸರನ್ನೇ ಬರೆದೆನು.

ಗುಂಡಯ್ಯನವರು, “ಏನ್ ಸ್ವಾಮಿ, ಹಬ್ಬದ ತಮಾಷೆನಾ? ಆ ಅಕ್ಷರ ನಿಮ್ದಲ್ಲ ಅಂತ ಕುರುಡನಿಗೂ ಗೊತ್ತು” ಎಂದರು.

“ಬರೆದದ್ದು ನನ್ನ ಮನೆಯಲ್ಲಿ. ಪುಸ್ತಕಗಳೆಲ್ಲ ಹೋದದ್ದು ನನ್ನ ಚೀಟಿಯ ಮೇಲೆ. ನಿಯಮವನ್ನು ಓದಿ ನೋಡಿ. ಈ ಹುಡುಗನ ಮೇಲೆ ನಾನು ಹೊರಿಸಿದ್ದು ಸುಳ್ಳು.”

ಹಿಂದೆ ನಿಂತಿದ್ದ ಗಾಣದ ರಂಗಣ್ಣ, “ಓಹೋ, ನಮ್ಮ ಕೌಸಲ್ಯಮ್ನೋರಾ!” ಎಂದು ಗಟ್ಟಿಯಾಗಿ ಹೇಳಿದನು. ಲಜ್ಜೆಯೆಂಬುದು ಈ ಕಾಲದಲ್ಲಿ ಉಳಿದಿಲ್ಲ. ಮತ್ತೆ ಹಲಗೆಯತ್ತ ಕತ್ತು ನೀಡಿ, “ಮೇಷ್ಟ್ರೇ, ಆ ಪಟ್ಟಿಗಿಂತ ಇದನ್ನ ಜಾಸ್ತಿ ಜನ ಓದ್ತವ್ರೆ ಕಣ್ರೀ” ಎಂದನು.

ಪಟ್ಟಾಭಿರಾಮನ ಮುಂದೆ ನಿಂತೆನು. ಕ್ಷಮೆ ಬೇಡುವ ವಾಕ್ಯವನ್ನು ದಾರಿಯಲ್ಲಿಯೇ ರಚಿಸಿಕೊಂಡಿದ್ದೆನು. ದೀರ್ಘವಾದ, ಸಮಾಸಯುಕ್ತವಾದ ವಾಕ್ಯ. ಅದರಲ್ಲಿ ಒಂದು ಪದವೂ ಬಾಯಿಗೆ ಬರಲಿಲ್ಲ. “ತಪ್ಪಾಯ್ತಪ್ಪ” ಎಂದೆನು. ಅವನ ತಾಯಿ ಗಾಡಿಯಿಂದ ನೀರಿನ ಕೊಡವನ್ನು ತಾವೇ ಇಳಿಸಿಕೊಂಡು ಒಳಗೆ ಹೋದರು.

೨೦ ಸೆಪ್ಟೆಂಬರ್, ಭಾನುವಾರ

ದಾರಿಯಲ್ಲಿ ಹೋಗುವವರೆಲ್ಲ ಹಲಗೆಯನ್ನು ಓದಿ ನಗುತ್ತಾರೆ. ಚೀಟಿಯಿಲ್ಲ. ಇವಳಿಗೆಂದು ಪಟ್ಟಾಭಿರಾಮನು ತನ್ನ ಚೀಟಿಯ ಮೇಲೆ ವಾರಕ್ಕೊಂದು ಪುಸ್ತಕವನ್ನು ತಂದುಕೊಡುತ್ತಾನೆ. ಇಬ್ಬರೂ ಅಮೃತೂರಿನ ಕೆರೆಯ ಸುದ್ದಿ ಮಾತಾಡುತ್ತಾರೆ. ಜಗಲಿಯಲ್ಲಿ ನನಗೆ ಎಲ್ಲವೂ ಕೇಳಿಸುತ್ತದೆ. ಈ ವಾರದ್ದರ ಮುಖಪುಟವೂ ಅಸಹ್ಯವೇ. ಇವಳು ಓದಿ ಮುಗಿಸುವವರೆಗೆ ಕಾಯಬೇಕಾಗಿದೆ.

ಗೋಡೆಯ ಪಟ್ಟಿಯನ್ನು ಕಿತ್ತೆನು. ಗೋಂದು ಗಟ್ಟಿಯಾ‌ಗಿದ್ದುದರಿಂದ ಸುಣ್ಣವೂ ಸ್ವಲ್ಪ ಬಂದಿತು.

೧೧ ಅಕ್ಟೋಬರ್, ಭಾನುವಾರ. ವಿಜಯದಶಮಿ

ಚೀಟಿ ಮರಳಿ ಬಂದ ದಿನವೇ ಒಂದು ಪುಸ್ತಕವನ್ನು ತಂದಿದ್ದೆನು. ಸರಸ್ವತಿಯ ಪೂಜೆಗೆ ಗ್ರಂಥಗಳನ್ನು ಪೇರಿಸುವಾಗ ಇವಳು ಅದನ್ನೂ ನನ್ನ ತಾಳೆಗರಿಯ ಕಟ್ಟಿನ ಮೇಲೆಯೇ ಇಟ್ಟಳು. ಅಡುಗೆಯವಳ ಕಥೆಗೆ ಅಕ್ಷತೆ! ಬೇಡವೆನ್ನಲು ಬಾಯಿ ತೆರೆದವನು, ಮಂತ್ರದ ನಡುವೆ ಮಾತಾಡಬಾರದೆಂದು ಮಂತ್ರವನ್ನೇ ಮುಂದುವರಿಸಿದೆನು.

ಪೂಜೆಗೆ ಇಟ್ಟ ಪುಸ್ತಕವನ್ನು ಈ ದಿನ ತೆಗೆದು ಒಂದು ಪುಟವನ್ನಾದರೂ ಓದಬೇಕೆಂಬುದು ಸಂಪ್ರದಾಯ. ಮೇಲಿದ್ದುದನ್ನೇ ತೆಗೆದೆನು. ನೂರಹತ್ತನೆಯ ಪುಟವನ್ನು ಗಟ್ಟಿಯಾಗಿ ಓದಿದೆನು. ಭಾಷೆ ಈಗಲೂ ಹೇಯವೇ. ಒಳಗೆ ಪಾತ್ರೆಯ ಸದ್ದು ನಿಂತಿತು.

ಆಮೇಲೆ, ಇವಳು ಹೂವು ತರಲು ಹಿತ್ತಲಿಗೆ ಹೋಗಿದ್ದಾಗ, ಕಡೆಯ ಹಾಳೆಯನ್ನು ತೆರೆದು, ‘ಅರವತ್ತು ದಾಟಿದ ಗಂಡಸರು ಓದಬೇಕು’ ಎಂಬುದರ ಕೆಳಗೆ ಒಂದು ಸಾಲು ಸೇರಿಸಿದೆನು: ‘ಅರವತ್ತರವರೆಗೆ ಕಾಯತಕ್ಕದ್ದಲ್ಲ.’ ನಿಯಮದ ಪ್ರಕಾರ ಮತ್ತೆ ಒಂದು ತಿಂಗಳು ಹಲಗೆ. ಆಗಲಿ.

ನೈವೇದ್ಯಕ್ಕೆ ಅಣಿಮಾಡುತ್ತಿದ್ದವಳು ನನ್ನ ಮುಖವನ್ನು ನೋಡಿ, ತಟ್ಟೆಯನ್ನು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡಳು.

“ಏನೂಂದ್ರೆ, ನಾಲಿಗೆ ಯಾಕೆ ನೇರಳೆ? ಈ ಕಾಲದಲ್ಲಿ ಹಣ್ಣು ಎಲ್ಲಿ ಸಿಕ್ತು?”